ಕಾರು ಇಳಿಸಲಿಲ್ಲ, ಒಂದಿಂಚು ಎತ್ತಿದೆವು

ಕೊಯ್ಲು, ಒಕ್ಕಣೆ ಎಲ್ಲ ಮುಗಿದ ಮೇಲೆ ನಮ್ಮ ಕಡೆ ಖಾಲಿ ಗದ್ದೆಗಳಿಗೆ ಬೇರೆ ಕೆಲಸ ಶುರುವಾಗುತ್ತದೆ. ಒಂದು ಊರಲ್ಲಿ ಕ್ರಿಕೆಟ್, ಇನ್ನೊಂದರಲ್ಲಿ ವಾಲಿಬಾಲ್. ಹಾಸನ, ಚಿಕ್ಕಮಗಳೂರು, ಕೊಡಗಿನ ಕೆಲವು ಕಡೆ ಆಟೋಕ್ರಾಸ್. ಹೆಸರು ಕೇಳಿ ಆಟೋರಿಕ್ಷಾ ಓಟ ಅಂದುಕೊಳ್ಳಬೇಡಿ. ಇದು ಕಾರುಗಳದ್ದು. ಒಂದು ಬಯಲಿನಲ್ಲಿ ಕಂಬ ನೆಟ್ಟು, ಹಗ್ಗ ಕಟ್ಟಿ ದಾರಿ ಮಾಡಿರುತ್ತಾರೆ. ಒಂದು ಸಲಕ್ಕೆ ಒಂದೇ ಕಾರು ಹೋಗಬೇಕು. ಎದುರಾಳಿ ಗಡಿಯಾರ ಮಾತ್ರ. ಕಂಬ ಬೀಳಿಸಿದರೆ ಸಮಯಕ್ಕೆ ಇಷ್ಟು ಸೆಕೆಂಡ್ ದಂಡ ಸೇರಿಸುತ್ತಾರೆ. ಹೆಲ್ಮೆಟ್, ಸೀಟ್ ಬೆಲ್ಟ್ ಇಲ್ಲದೆ ಒಳಗೆ ಬಿಡುವುದಿಲ್ಲ.

ನಾವು ಮೂವರು ಗೆಳೆಯರು. ಒಬ್ಬ ಜಿಲ್ಲಾ ಪತ್ರಿಕೆಗೆ ಸುದ್ದಿ ಕಳಿಸುವವನು, ಒಬ್ಬ ಲೇತ್ ಅಂಗಡಿ ಇಟ್ಟವನು, ಇನ್ನೊಬ್ಬ ಶಾಲಾ ವ್ಯಾನ್ ಓಡಿಸುವವನು. ಮೂವರ ಕೈಯಲ್ಲೂ ದುಡ್ಡಿಲ್ಲ. ಆದರೆ ವ್ಯಾನಿನ ಗೆಳೆಯನ ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಇತ್ತು. ಅದನ್ನು ಆಟೋಕ್ರಾಸ್‌ಗೆ ಸಿದ್ಧ ಮಾಡಿದ ಲೆಕ್ಕ ಇದು. ದುಡ್ಡಿನ ಲೆಕ್ಕವೂ ಹೌದು, ಬೇರೆ ಲೆಕ್ಕವೂ ಹೌದು.

ಗಾಡಿ ಯಾರದು

ಪದ್ಮಿನಿ ಅಂದರೆ ನಮ್ಮ ಅಪ್ಪಂದಿರ ಕಾಲದ 'ಫಿಯೆಟ್'. ಇಟಲಿಯ ಫಿಯೆಟ್ 1100 ಕಾರನ್ನೇ ಮುಂಬೈಯ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಇಲ್ಲಿ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂದು ಹೆಸರಿಟ್ಟರು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿ ಸಿನಿಮಾದಲ್ಲಿ ನೋಡಿರುತ್ತೀರಿ, ಅದೇ ಗಾಡಿ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರ್ ಕೋಲು, ಎಂಜಿನ್ ಮುಂದೆ, ತಳ್ಳುವುದು ಹಿಂದಿನ ಚಕ್ರ. ಚೆನ್ನೈ ಹತ್ತಿರದ ಶೋಳಾವರಂನ ಹಳೇ ವಿಮಾನದ ಪಟ್ಟಿಯಲ್ಲಿ ರೇಸ್ ನಡೆಯುತ್ತಿದ್ದ ಕಾಲದಲ್ಲಿ ಫಿಯೆಟ್‌ಗಳೂ ಓಡುತ್ತಿದ್ದವು. ಹಾಗಾಗಿ ನಮ್ಮದು ಪೂರ್ತಿ ಹುಚ್ಚು ಯೋಚನೆಯೇನೂ ಆಗಿರಲಿಲ್ಲ.

ಗೆಳೆಯನ ಅಪ್ಪ ಈ ಗಾಡಿಯನ್ನು ಬಸ್ ಸ್ಟ್ಯಾಂಡ್ ಎದುರು ಬಾಡಿಗೆಗೆ ಓಡಿಸುತ್ತಿದ್ದರು. ಹೆರಿಗೆಗೆ, ದಿಬ್ಬಣಕ್ಕೆ, ಧರ್ಮಸ್ಥಳಕ್ಕೆ ನಮ್ಮೂರಿನ ಎಷ್ಟೋ ಮನೆಯವರು ಇದರಲ್ಲೇ ಹೋಗಿ ಬಂದವರು. ಅವರು ತೀರಿಕೊಂಡ ಮೇಲೆ ಗಾಡಿ ಶೆಡ್ಡು ಸೇರಿತು. ಗುಜರಿಯವನು ಎರಡು ಸಲ ಬಂದು ಬೆಲೆ ಕಟ್ಟಿ ಹೋಗಿದ್ದ. ಮಾರಿ ಬಂದ ದುಡ್ಡಲ್ಲಿ ಮನೆಯ ಹಿಂದಿನ ಗೋಡೆ ಕಟ್ಟಿಸೋಣ ಎಂದು ಗೆಳೆಯನ ಅಕ್ಕ ಹೇಳುತ್ತಿದ್ದರು. ಅದೂ ನ್ಯಾಯವಾದ ಮಾತೇ.

ಅಮ್ಮ ಮಾತ್ರ ಒಂದು ಷರತ್ತು ಹಾಕಿದರು. "ಆಟಕ್ಕಾದ್ರೂ ತಗೊಂಡೋಗಿ, ಪಾಠಕ್ಕಾದ್ರೂ ತಗೊಂಡೋಗಿ. ಮಾರನೇ ದಿನ ನನ್ನ ಆಸ್ಪತ್ರೆಗೆ ಕರ್ಕೊಂಡೋಗೋ ಹಂಗಿರ್ಬೇಕು ಕಣ್ರಪ್ಪಾ. ಕುಯ್ದು ಗಿಯ್ದು ಹಾಳು ಮಾಡಿದ್ರೆ ನಾನೇ ಗುಜರಿಗೆ ಹಾಕ್ಸಿಬಿಡ್ತೀನಿ."

ಆ ಒಂದು ಮಾತೇ ನಮ್ಮ ಕೆಲಸದ ನಕ್ಷೆ ಆಯಿತು. ವಾಪಸ್ ಮೊದಲಿನಂತೆ ಮಾಡಲಾಗದ ಯಾವ ಬದಲಾವಣೆಯನ್ನೂ ಮಾಡಬಾರದು. ಮೂವರೂ ಸೇರಿ ಹಾಕಿದ ದುಡ್ಡು 45,000 ರೂಪಾಯಿ. ಅದರೊಳಗೇ ಮುಗಿಯಬೇಕು.

ಉಯ್ಯಾಲೆ ಮತ್ತು ಅದನ್ನು ಹಿಡಿಯುವ ಕೈ

ಸಸ್ಪೆನ್ಷನ್ ಅಂದರೆ ಕುಲುಕಾಟ ತಪ್ಪಿಸುವ ಸಾಧನ ಎಂದೇ ಹೆಚ್ಚಿನವರ ತಿಳಿವಳಿಕೆ. ಅದು ಅರ್ಧ ಮಾತ್ರ ನಿಜ. ನಾಲ್ಕೂ ಟೈರನ್ನು ಸದಾ ನೆಲಕ್ಕೆ ಒತ್ತಿ ಹಿಡಿಯುವುದು ಅದರ ದೊಡ್ಡ ಕೆಲಸ. ಟೈರು ನೆಲ ಬಿಟ್ಟರೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ.

ಪದ್ಮಿನಿಯ ಮುಂದಿನ ಎರಡೂ ಚಕ್ರಗಳಿಗೆ ಬೇರೆ ಬೇರೆ ಕಾಯಿಲ್ ಸ್ಪ್ರಿಂಗ್ ಇವೆ. ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದಕ್ಕೆ ಅದರ ಗೊಡವೆ ಇಲ್ಲ. ಹಿಂದೆ ಮಾತ್ರ ಒಂದೇ ಆಕ್ಸಲ್, ಅದರ ಕೆಳಗೆ ಬ್ಲೇಡ್ ಸೆಟ್. ಜಟಕಾ ಗಾಡಿಯ ಕಮಾನು ನೋಡಿದ್ದರೆ ಅದರ ಜಾತಿಯದೇ ಇದು. ಲಾರಿಯಲ್ಲಿ ದಪ್ಪ, ಇದರಲ್ಲಿ ತೆಳು, ಅಷ್ಟೇ ಫರಕು.

ಸ್ಪ್ರಿಂಗ್ ಉಯ್ಯಾಲೆ ಇದ್ದಹಾಗೆ. ಒಮ್ಮೆ ತಳ್ಳಿದರೆ ತಾನಾಗಿ ನಿಲ್ಲುವುದಿಲ್ಲ. ಹಿಡಿದು ನಿಲ್ಲಿಸಲು ಒಂದು ಕೈ ಬೇಕು. ಆ ಕೈಯೇ ಶಾಕ್ ಅಬ್ಸಾರ್ಬರ್. ನಿಮ್ಮ ಕಾರಿನದು ಹೇಗಿದೆ ಎಂದು ನೋಡಬೇಕಾ? ಬಾನೆಟ್ಟಿನ ಮೂಲೆಯನ್ನು ಜೋರಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ಎರಡು ಮೂರು ಸಲ ಆಡುತ್ತಿದ್ದರೆ ಶಾಕ್ ಹೋಗಿದೆ ಅಂತ. ನಮ್ಮ ಪದ್ಮಿನಿ ನಾಲ್ಕು ಸಲ ತಲೆಯಾಡಿಸಿತು.

ವಿಡಿಯೋದಲ್ಲಿ ಹೇಳುವುದು ಬೇರೆ ನೆಲ

ಮೊಬೈಲಿನಲ್ಲಿ ಹುಡುಕಿದರೆ ಆಟೋಕ್ರಾಸ್ ಬಗ್ಗೆ ಬೇಕಾದಷ್ಟು ವಿಡಿಯೋ ಸಿಗುತ್ತವೆ. ಹೆಚ್ಚಿನವು ಅಮೆರಿಕದವು. ಅಲ್ಲಿ ದೊಡ್ಡ ಡಾಂಬರು, ಕಾಂಕ್ರೀಟ್ ಬಯಲಿನಲ್ಲಿ ಕೆಂಪು ಕೋನ್ ಇಟ್ಟು ಓಡಿಸುತ್ತಾರೆ. ನೆಲ ನುಣ್ಣಗಿರುವುದರಿಂದ ಕಾರನ್ನು ತಗ್ಗಿಸು, ಸ್ಪ್ರಿಂಗ್ ಗಟ್ಟಿ ಮಾಡು, ದಪ್ಪ ಆಂಟಿ-ರೋಲ್ ಬಾರ್ ಹಾಕು ಎನ್ನುತ್ತಾರೆ. ಅವರ ನೆಲಕ್ಕೆ ಅದು ಸರಿ.

ನಮ್ಮದು ಗದ್ದೆ. ಬದು ತೆಗೆದ ಗುರುತು, ಟ್ರ್ಯಾಕ್ಟರ್ ಗೆರೆ, ಒಣಗಿದ ಕೂಳೆ, ಮೇಲೆ ಧೂಳು. ಇಲ್ಲಿ ಸ್ಪ್ರಿಂಗ್ ಕಲ್ಲಿನಂತೆ ಗಟ್ಟಿಯಾದರೆ ಚಕ್ರ ಕುಪ್ಪಳಿಸುತ್ತದೆ. ಆಂಟಿ-ರೋಲ್ ಬಾರನ್ನೇ ತೆಗೆದುಕೊಳ್ಳಿ. ಅದರ ಗಟ್ಟಿತನ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. 16 ಮಿಲಿಮೀಟರ್ ಬಾರಿನ ಬದಲು 18 ಹಾಕಿದರೆ, ಹೆಚ್ಚಾದದ್ದು ಎರಡೇ ಮಿಲಿಮೀಟರ್ ಆದರೂ, ಗಟ್ಟಿತನ ಸುಮಾರು 60 ಶೇಕಡಾ ಜಾಸ್ತಿ. ಆಗ ಎಡ ಚಕ್ರ ಗುಂಡಿಗೆ ಬಿದ್ದರೆ ಬಲದ್ದನ್ನೂ ಎಳೆದಾಡುತ್ತದೆ. ಹಾಗಾಗಿ ಅದಕ್ಕೆ ನಾವು ಕೈ ಹಾಕಲಿಲ್ಲ. ಉಳಿದ ದುಡ್ಡು ಬೇರೆಡೆ ಬೇಕಿತ್ತು.

ಕತ್ತರಿಸಿದ ಸ್ಪ್ರಿಂಗ್

ಈಗ ಒಂದು ಕಷ್ಟದ ಮಾತು. ನಮ್ಮ ತಾಲ್ಲೂಕಿನಲ್ಲಿ ಹುಡುಗರು ಹಳೇ ಕಾರು ಕೊಂಡ ತಕ್ಷಣ ಮಾಡಿಸುವ ಮೊದಲ ಕೆಲಸ, ಕಾಯಿಲ್ ಸ್ಪ್ರಿಂಗ್‌ನ ಒಂದೆರಡು ಸುತ್ತು ಕತ್ತರಿಸಿ ಗಾಡಿ ತಗ್ಗಿಸುವುದು. ಖರ್ಚು ಕೆಲವೇ ನೂರು ರೂಪಾಯಿ. ನೋಡಲು ಗತ್ತು.

ಲೆಕ್ಕ ನೋಡಿ. ಎಂಟು ಸುತ್ತು ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಒಂದು ಕತ್ತರಿಸಿದರೆ ಅದು ಸುಮಾರು 14 ಶೇಕಡಾ ಗಟ್ಟಿಯಾಗುತ್ತದೆ. ಎರಡು ಕತ್ತರಿಸಿದರೆ 33 ಶೇಕಡಾ. ಶಾಕ್ ಮಾತ್ರ ಹಳೆಯದೇ. ಹೆಚ್ಚಾದ ನೆಗೆತವನ್ನು ಹಿಡಿಯುವ ಶಕ್ತಿ ಅದಕ್ಕಿಲ್ಲ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. ಹಂಪ್ ಹಾರಿದಾಗ ಚಕ್ರ ಕೆಳಕ್ಕೆ ಜೋತು ಬೀಳುತ್ತದೆ. ಆಗ ಗಿಡ್ಡಾದ ಸ್ಪ್ರಿಂಗ್ ಸಡಿಲವಾಗಿ ತನ್ನ ಬಟ್ಟಲಿನಿಂದ ಜಾರಬಹುದು.

ಸುದ್ದಿ ಬರೆಯುವವರಾಗಿ ನಾವು ಇದನ್ನು ಕಣ್ಣಾರೆ ಕಂಡಿದ್ದೇವೆ. ಒಂದು ಅಪಘಾತದ ಸುದ್ದಿಗೆ ಹೋದಾಗ ಠಾಣೆಯ ಆವರಣದಲ್ಲಿ ನಿಲ್ಲಿಸಿದ್ದ ಕಾರಿನ ಮುಂದಿನ ಚಕ್ರದ ಹತ್ತಿರ ಬಗ್ಗಿ ನೋಡಿದೆವು. ಗ್ರೈಂಡರಿನಲ್ಲಿ ಕೊಯ್ದ ಸ್ಪ್ರಿಂಗ್ ತುದಿ ಬಟ್ಟಲಿನಿಂದ ಹೊರಗೆ ಬಂದಿತ್ತು. ಅದು ಅಪಘಾತಕ್ಕೆ ಮೊದಲೇ ಜಾರಿತ್ತೋ, ಹೊಡೆತಕ್ಕೆ ಜಾರಿತೋ ಹೇಳಲು ಬರುವುದಿಲ್ಲ. ದೂರಿನಲ್ಲಿ ಇದ್ದದ್ದು 'ಅತಿವೇಗ ಮತ್ತು ಅಜಾಗರೂಕತೆ'. ಮರುದಿನ ಅಚ್ಚಾದದ್ದೂ ಅದೇ ಎರಡು ಪದ. ಆ ಹುಡುಗನಿಗೆ ಇಪ್ಪತ್ತೆರಡು ವರ್ಷ. ಎಂಟು ಸಾಲಿನ ಸುದ್ದಿಯಲ್ಲಿ ಸ್ಪ್ರಿಂಗಿಗೆ ಜಾಗ ಇರುವುದಿಲ್ಲ. ಇಲ್ಲಿ ಜಾಗ ಇದೆ, ಅದಕ್ಕೇ ಬರೆಯುತ್ತಿದ್ದೇವೆ.

ಮೊದಲು ಸವೆದದ್ದು, ಆಮೇಲೆ ಹೊಸದು

ನಮ್ಮ ಪೇಟೆಯಲ್ಲಿ ಫಿಯೆಟ್ ಕೆಲಸ ಗೊತ್ತಿರುವ ಮೇಸ್ತ್ರಿ ಒಬ್ಬರೇ ಉಳಿದಿದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ. ರೇಸಿಗೆ ಅಂದ ಕೂಡಲೇ ನಕ್ಕುಬಿಟ್ಟರು. "ಮೊದ್ಲು ಕಂಪನಿಯಿಂದ ಬಂದಾಗ ಹೆಂಗಿತ್ತೋ ಹಂಗ್ ಮಾಡೋಣ ತಮ್ಮಾ. ಆಮೇಲ್ ನೋಡೋಣ ಇನ್ನೇನ್ ಬೇಕು ಅಂತ."

ಗೆಳೆಯನ ಚಿಕ್ಕಪ್ಪನ ಗದ್ದೆಯಲ್ಲಿ ಹತ್ತು ಬಿದಿರು ಗಳ ನೆಟ್ಟು ಸುಮಾರು 400 ಮೀಟರಿನ ದಾರಿ ಮಾಡಿದೆವು. ಒಂದು ನಿಯಮ ಇಟ್ಟುಕೊಂಡೆವು. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಬದಲಾವಣೆ ಆದ ಮೇಲೆ ಮೂರು ಸುತ್ತು ಓಡಿಸಿ ಮೊಬೈಲ್ ಸ್ಟಾಪ್‌ವಾಚಿನಲ್ಲಿ ಸರಾಸರಿ ಬರೆದುಕೊಳ್ಳುವುದು. ಹಾಗೆ ಮಾಡಿದರೆ ಮಾತ್ರ ಯಾವ ರೂಪಾಯಿ ಏನು ಕೊಟ್ಟಿತು ಎಂದು ತಿಳಿಯುತ್ತದೆ. ಬ್ರೇಕ್ ಲೈನಿಂಗ್, ವೀಲ್ ಸಿಲಿಂಡರ್ ಕಿಟ್ ಮೊದಲೇ ಬದಲಿಸಿದೆವು. ಅದಕ್ಕೆ 2,900. ನಿಲ್ಲದ ಗಾಡಿಯನ್ನು ಓಡಿಸಿ ನೋಡುವುದೇನು? ಆಗ ಬಂದ ಸಮಯ 62 ಸೆಕೆಂಡ್.

ಮೊದಲನೆಯದು ಮುಂದಿನ ಭಾಗ. ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಕಟಕಟ ಸದ್ದು. ಕಿಂಗ್ ಪಿನ್ ಬುಷ್ ಸವೆದಿತ್ತು. ವಿಶ್‌ಬೋನಿನ ರಬ್ಬರ್ ಬುಷ್ ಒಣಗಿ ಹುಡಿಯಾಗುತ್ತಿತ್ತು. ಲೇತಿನ ಗೆಳೆಯ ಗನ್‌ಮೆಟಲ್ ಬುಷ್ ತಿರುಗಿಸಿ ಕೊಟ್ಟ. ಕಿಂಗ್ ಪಿನ್, ರಬ್ಬರ್ ಬುಷ್, ಟೈ ರಾಡ್ ಎಂಡ್ ಎಲ್ಲ ಸೇರಿ 9,200. ಸಮಯ 61ಕ್ಕೆ ಬಂತು. ಇಷ್ಟು ದುಡ್ಡಿಗೆ ಒಂದೇ ಸೆಕೆಂಡಾ ಅನ್ನಿಸಬಹುದು. ಆದರೆ ಅಲ್ಲಿಯವರೆಗೆ ಸ್ಟೀರಿಂಗ್ ತಿರುಗಿಸಿದ ಮೇಲೆ ಕಾರು ಯೋಚನೆ ಮಾಡಿ ತಿರುಗುತ್ತಿತ್ತು. ಆಮೇಲೆ ಹೇಳಿದ ತಕ್ಷಣ ತಿರುಗತೊಡಗಿತು. ಮುಂದಿನ ಎಲ್ಲ ಕೆಲಸಕ್ಕೂ ಇದೇ ಅಡಿಪಾಯ.

ಅಲೈನ್‌ಮೆಂಟ್‌ಗೆ ದೊಡ್ಡ ಅಂಗಡಿಗೆ ಹೋಗಲಿಲ್ಲ. ಮಟ್ಟವಾದ ಸಿಮೆಂಟ್ ಕಣದಲ್ಲಿ ಕಾರು ನಿಲ್ಲಿಸಿ, ಗಾರೆ ಕೆಲಸದ ದಾರವನ್ನು ಎರಡೂ ಬದಿಗೆ ನೇರವಾಗಿ ಕಟ್ಟಿ, ದಾರದಿಂದ ರಿಮ್ಮಿನ ಮುಂದಂಚಿಗೂ ಹಿಂದಂಚಿಗೂ ಎಷ್ಟು ಅಂತರ ಎಂದು ಅಳೆದೆವು. ಚಕ್ರ ಒಳಕ್ಕೋ ಹೊರಕ್ಕೋ ವಾಲಿದೆಯಾ ಎಂದು ನೋಡಲು ಗಾರೆಯವರ ತೂಕದ ಗುಂಡು ಇಳಿಬಿಟ್ಟೆವು. ಪದ್ಮಿನಿಯದು 14 ಇಂಚಿನ ರಿಮ್. ಅದರ ಮೇಲಂಚಿಗೂ ಕೆಳಂಚಿಗೂ ದಾರದಿಂದ ಆರು ಮಿಲಿಮೀಟರ್ ಫರಕು ಬಂದರೆ ಸುಮಾರು ಒಂದು ಡಿಗ್ರಿ ವಾಲಿದೆ ಎಂದು ಅರ್ಥ. ನಮ್ಮದು ಎಡಗಡೆ ಒಂಬತ್ತು ಇತ್ತು, ಬಲಗಡೆ ಮೂರು. ಮೇಸ್ತ್ರಿ ಎರಡನ್ನೂ ಸಮ ಮಾಡಿದರು.

ಎರಡನೆಯದು ಶಾಕ್. ಹಳೆಯದರಲ್ಲಿ ಎಣ್ಣೆ ಸೋರಿ ಧೂಳು ಮೆತ್ತಿತ್ತು. ನಾಲ್ಕೂ ಹೊಸದು, 8,400. ಕೊಳ್ಳುವಾಗ ಪೂರ್ತಿ ಎಳೆದಾಗಿನ ಉದ್ದ, ಪೂರ್ತಿ ಒತ್ತಿದಾಗಿನ ಉದ್ದ ಎರಡನ್ನೂ ಹಳೆಯದಕ್ಕೆ ಹೋಲಿಸಿ ನೋಡಿ. ಉದ್ದ ಕಮ್ಮಿಯಾದರೆ ಸ್ಪ್ರಿಂಗಿನ ಏಟನ್ನೆಲ್ಲ ಶಾಕೇ ತಿಂದು ಮುರಿಯುತ್ತದೆ. ಸಮಯ 58. ಒಂದೇ ಏಟಿಗೆ ಮೂರು ಸೆಕೆಂಡ್.

ಬ್ಲೇಡ್ ಕೆಲಸ

ಹಿಂದಿನ ಬ್ಲೇಡ್ ಸೆಟ್ ಬಾಡಿಗೆಯ ಭಾರಕ್ಕೆ ಚಪ್ಪಟೆಯಾಗಿ ಕಾರಿನ ಹಿಂಭಾಗ ಕೆಳಗೆ ಕೂತಿತ್ತು. ಬೆಂಕಿಗೆ ಹಾಕಿ ಬಗ್ಗಿಸಿದರೆ ಉಕ್ಕಿನ ಹದ ಹೋಗುತ್ತದೆ, ಕೆಲವೇ ತಿಂಗಳಲ್ಲಿ ಮತ್ತೆ ಕೂರುತ್ತದೆ. ಲಾರಿ ಬ್ಲೇಡ್ ಕೆಲಸದವರು ಒಂದೊಂದೇ ಬ್ಲೇಡನ್ನು ಬಿಚ್ಚಿ, ಕಾಯಿಸದೆ, ಸುತ್ತಿಗೆಯಲ್ಲಿ ಇಂಚಿಂಚೇ ಹೊಡೆದು ಕಮಾನು ಎಬ್ಬಿಸಿದರು. ಇಡೀ ಮಧ್ಯಾಹ್ನ ಆ ಸದ್ದು ಕೇಳುತ್ತಾ ಕೂತೆವು. ತುಕ್ಕು ತಿಕ್ಕಿ, ಬ್ಲೇಡುಗಳ ನಡುವೆ ಗ್ರಾಫೈಟ್ ಗ್ರೀಸ್ ಸವರಿ, ಹೊಸ ಯು-ಬೋಲ್ಟ್ ಹಾಕಿ ಕಟ್ಟಿದರು. ಗಾಡಿಯ ಹಿಂಭಾಗ ಒಂದಿಂಚು ಮೇಲೆದ್ದಿತು. ಅದೇ ಅದರ ಮೊದಲಿನ ಎತ್ತರ ಎಂದರು ಮೇಸ್ತ್ರಿ.

ಇನ್ನೊಂದು ತೊಂದರೆ ಇತ್ತು. ತಿರುವಿನಿಂದ ಹೊರಗೆ ಬರುವಾಗ ಜೋರಾಗಿ ಆಕ್ಸಿಲರೇಟರ್ ಕೊಟ್ಟರೆ ಹಿಂದಿನ ಆಕ್ಸಲ್ ದಡದಡ ಕುಣಿಯುತ್ತಿತ್ತು. ಆಕ್ಸಲ್ ತಿರುಚಿಕೊಳ್ಳುವ ರಭಸಕ್ಕೆ ಬ್ಲೇಡು ಹಾವಿನ ಹಾಗೆ ಬಾಗಿ ಮತ್ತೆ ಬಿಚ್ಚಿಕೊಳ್ಳುವುದೇ ಇದರ ಕಾರಣ. ಮದ್ದು ಸುಲಭ. ಆಕ್ಸಲ್ಲಿನಿಂದ ಮುಂದಿನ ಅರ್ಧದ ಬ್ಲೇಡುಗಳನ್ನು ಕ್ಲಿಪ್ ಹಾಕಿ ಬಿಗಿಯುವುದು, ಹಿಂದಿನ ಅರ್ಧವನ್ನು ಸಡಿಲವಾಗಿ ಬಿಡುವುದು. ಮುಂದಿನ ಅರ್ಧ ಆಕ್ಸಲ್ಲನ್ನು ಹಿಡಿಯುತ್ತದೆ, ಹಿಂದಿನ ಅರ್ಧ ಗುಂಡಿಯನ್ನು ನುಂಗುತ್ತದೆ. ಬೇಡ ಅಂದರೆ ಸ್ಪ್ಯಾನರ್ ಹಿಡಿದು ಹತ್ತು ನಿಮಿಷದಲ್ಲಿ ಬಿಚ್ಚಬಹುದು. ಎಲ್ಲ ಸೇರಿ 4,600. ಸಮಯ 57.

ಕೊನೆಗೆ ಟೈರು. ನಾಲ್ಕು ರೇಡಿಯಲ್ ಟೈರಿಗೆ 13,600. ಇದ್ದದ್ದರಲ್ಲಿ ದೊಡ್ಡ ಖರ್ಚು, ದೊಡ್ಡ ಫಲ. ಸಮಯ 54. ಆಮೇಲೆ ಪುಕ್ಕಟೆ ಕೆಲಸ ಒಂದು ಮಾಡಿದೆವು. ಟೈರಿನ ಪಕ್ಕಕ್ಕೆ ಸೀಮೆಸುಣ್ಣದ ಗೆರೆ ಎಳೆದು ಓಡಿಸುವುದು. ಗೆರೆ ಎಲ್ಲಿಯವರೆಗೆ ಅಳಿಸಿದೆಯೋ ಟೈರು ಅಲ್ಲಿಯವರೆಗೆ ಮಗುಚಿದೆ ಎಂದು ಅರ್ಥ. ಗಾಳಿಯನ್ನು 28ರಿಂದ 24ಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿದಾಗ ಸಡಿಲ ಮಣ್ಣಿನಲ್ಲಿ ಹಿಡಿತ ಹೆಚ್ಚಿತು. ಇನ್ನೂ ಇಳಿಸಿದರೆ ಗೆರೆ ಪೂರ್ತಿ ಅಳಿಸುತ್ತಿತ್ತು, ಅಲ್ಲಿಗೆ ನಿಲ್ಲಿಸಿದೆವು. ಸಮಯ 53. ಆ ಒಂದು ಸೆಕೆಂಡಿನ ಬೆಲೆ ಒಂದು ತುಂಡು ಸೀಮೆಸುಣ್ಣ. ರಸ್ತೆಗೆ ಇಳಿಸುವ ಮೊದಲು ಗಾಳಿಯನ್ನು ಮತ್ತೆ ಸರಿಯಾಗಿ ತುಂಬಿಸಿದೆವು.

ಮೇಸ್ತ್ರಿ ನಾಲ್ಕು ಭಾನುವಾರದ ಕೂಲಿ 5,000 ತಗೊಂಡರು. ಒಟ್ಟು 43,700. ಉಳಿದ 1,300 ಗ್ರೀಸು, ನಟ್ಟು ಬೋಲ್ಟು, ಟೀಗೆ ಹೋಯಿತು.

ಕಾನೂನಿನ ಒಂದು ಮಾತು. ಸವೆದ ಭಾಗ ತೆಗೆದು ಅಂಥದ್ದೇ ಹಾಕುವುದು ರಿಪೇರಿ. ಆರ್‌ಸಿಯಲ್ಲಿರುವ ವಿವರಕ್ಕೆ ತಾಳೆ ಆಗದಂತೆ ಗಾಡಿಯನ್ನೇ ಬದಲಾಯಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಆಗ ಗಾಡಿಯನ್ನು ತೋರಿಸಲೇಬೇಕು.

ಗಡಿಯಾರದ ಎದುರು

ಸ್ಪರ್ಧೆಯ ದಿನ ಮೊದಲು ತಪಾಸಣೆ. ಬ್ಯಾಟರಿ ಬಿಗಿಯಾಗಿದೆಯಾ, ಬ್ರೇಕ್ ಹಿಡಿಯುತ್ತದಾ, ಬೆಲ್ಟ್ ಸರಿಯಿದೆಯಾ, ಒಳಗೆ ಸಡಿಲ ಸಾಮಾನು ಇದೆಯಾ ಎಂದು ನೋಡುತ್ತಾರೆ. ತಪಾಸಣೆ ಮಾಡಿದವರು ಬ್ಲೇಡಿನ ಕೆಳಗೆ ತಲೆ ಹಾಕಿ ನೋಡಿ, "ಇದನ್ನ ಯಾರ್ ಮಾಡಿದ್ದು?" ಎಂದು ಕೇಳಿದರು. ಮೇಸ್ತ್ರಿ ಅಂಗಿಯ ತೋಳು ಸರಿ ಮಾಡಿಕೊಂಡರು, ಮಾತಾಡಲಿಲ್ಲ.

ನಮ್ಮ ವರ್ಗದಲ್ಲಿ ಒಂಬತ್ತು ಕಾರು. ಹೆಚ್ಚಿನವು ಮಾರುತಿ. ಹಗುರ ಗಾಡಿ, ಮುಂದಿನ ಚಕ್ರ ಎಳೆಯುವ ಗಾಡಿ. ನಮ್ಮದು ಆರನೇ ಸ್ಥಾನ. ಒಂದೂ ಕಂಬ ಬೀಳಲಿಲ್ಲ. ಮೊದಲನೆಯವನಿಗೂ ನಮಗೂ ಏಳು ಸೆಕೆಂಡ್ ಅಂತರ. ಸ್ಟೀರಿಂಗ್ ಪಕ್ಕದ ಗೇರ್ ಕೋಲನ್ನು ಗೆಳೆಯ ಎಡಗೈಯಲ್ಲಿ ಎಳೆದಾಡುವುದನ್ನು ನೋಡಿ ಜನ ಶಿಳ್ಳೆ ಹೊಡೆದರು. ಬಹುಮಾನ ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ.

ಓಟ ಮುಗಿದ ಮೇಲೆ ಕಾಲೇಜು ಹುಡುಗರು ನಾಲ್ಕೈದು ಜನ ಸುತ್ತ ನಿಂತರು. ಮೊದಲ ಪ್ರಶ್ನೆಯೇ, "ಅಣ್ಣಾ, ಎಷ್ಟು ಇಳ್ಸಿದೀರಾ?"

"ಇಳ್ಸಿಲ್ಲ ಕಣಪ್ಪಾ. ಹಿಂದೆ ಒಂದಿಂಚು ಎತ್ತಿದೀವಿ."

ಅವರು ನಂಬಲಿಲ್ಲ. ಒಬ್ಬ ಮಾತ್ರ ಮಂಡಿಯೂರಿ ಕೂತು ಬ್ಲೇಡಿನ ಕ್ಲಿಪ್ ಮುಟ್ಟಿ ನೋಡಿದ. ಅವನ ಕಾರಿನ ಸ್ಪ್ರಿಂಗ್ ಕತ್ತರಿಸಿದೆಯಂತೆ. ಹೊಸ ಸ್ಪ್ರಿಂಗ್ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಮೇಸ್ತ್ರಿ ಗ್ಯಾರೇಜಿಗೆ ಬರಲು ಹೇಳಿದ್ದಾರೆ. ಬರುತ್ತಾನೋ ಇಲ್ಲವೋ ನೋಡಬೇಕು.

ಗೆಳೆಯನ ಮನೆಯ ಹಿಂದಿನ ಗೋಡೆ ಇನ್ನೂ ಆಗಿಲ್ಲ. ಅಕ್ಕನ ಮಾತು ಹಾಗೆಯೇ ಇದೆ. ಮಳೆಗಾಲಕ್ಕೆ ಮುಂಚೆ ಅದನ್ನು ಕಟ್ಟಿಸಬೇಕು, ಅದಕ್ಕೆ ಮೂವರೂ ಕೈ ಸೇರಿಸುವುದೆಂದು ಒಪ್ಪಿಕೊಂಡಿದ್ದೇವೆ. ಗುಜರಿಯವನು ಮೂರನೇ ಸಲ ಬಂದಾಗ ಅಮ್ಮನೇ ಬಾಗಿಲಿಂದ ವಾಪಸ್ ಕಳಿಸಿದರು.

ಸ್ಪರ್ಧೆಯ ಮಾರನೇ ದಿನ ಸೋಮವಾರ. ಅಮ್ಮನಿಗೆ ಬಿಪಿ ತೋರಿಸಬೇಕಿತ್ತು. ಬಾಗಿಲಲ್ಲಿ ಇನ್ನೂ ಕೆಂಪು ಧೂಳು, ಪಕ್ಕದಲ್ಲಿ ಸುಣ್ಣದ ನಂಬರ್. ಹಿಂದಿನ ಸೀಟಲ್ಲಿ ಕೂತು ಆಸ್ಪತ್ರೆವರೆಗೂ ಸುಮ್ಮನೆ ಬಂದರು. ಇಳಿಯುವಾಗ ಕೇಳಿದ್ದು ಒಂದೇ ಮಾತು: "ಕೆರೆ ಏರಿ ಹತ್ರ ಇರೋ ಗುಂಡಿ ಮುಚ್ಚಿದಾರೇನ್ರೋ?"

ಗುಂಡಿ ಮುಚ್ಚಿರಲಿಲ್ಲ.